ಪಟ್ಟಾಳದಿಂದ ಅಲಿಗಢದವರೆಗೆ: ಜನರಲ್ ಝಮೀರುದ್ದೀನ್ ಶಾ

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರ, ಕೆಂಗೇರಿ ಕಡೆ ನೆಲೆಸಿರುವ ನಮ್ಮ ಬ್ಯಾರಿ ಕುಟುಂಬಗಳಲ್ಲಿ ಮಗ ಪಿಯುಸಿ ಮುಗಿಸಿದನೆಂದರೆ ಮನೆಯಲ್ಲಿ ಲೆಕ್ಕಾಚಾರ ಶುರು. ಇಂಜಿನಿಯರಿಂಗಾ, ಸಿಎ ಆಗುವುದಾ, ಸೌದಿಯಲ್ಲಿರುವ ಕಾಕ ವೀಸಾ ನೋಡ್ತಾರಾ, ಇಲ್ಲ ಬಾಪನ ಅಂಗಡಿಯ ಗಲ್ಲಾದಲ್ಲೇ ಕೂರುವುದಾ? ಈ ಪಟ್ಟಿಯಲ್ಲಿ ಪಟ್ಟಾಳದ ಹೆಸರು ಬರುವುದು ಅಪರೂಪ. ಬಂದರೂ ಉಮ್ಮನ ಕಣ್ಣೀರಿನಲ್ಲಿ ಆ ಮಾತು ಅಲ್ಲಿಗೇ ಮುಗಿಯುತ್ತದೆ. ಜೊತೆಗೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ, "ನಮ್ಮವರನ್ನು ಅಲ್ಲಿ ಮೇಲೆ ಬಿಡ್ತಾರಾ ಮೋನೇ?"

ಆ ಪ್ರಶ್ನೆ ಕೇಳುವವರಿಗೆ ಹೇಳಬೇಕಾದ ಒಂದು ಹೆಸರು ಲೆಫ್ಟಿನೆಂಟ್ ಜನರಲ್ ಝಮೀರುದ್ದೀನ್ ಶಾ. 1971ರ ಯುದ್ಧ ಕಂಡವರು, ಭೂಸೇನೆಯ ಉಪ ಮುಖ್ಯಸ್ಥರಾಗಿ ನಿವೃತ್ತರಾದವರು, ಆಮೇಲೆ ಐದು ವರ್ಷ ಅಲಿಗಢ ಮುಸ್ಲಿಂ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದವರು. ಕನ್ನಡದವರಿಗೆ ಅವರ ತಮ್ಮ ಹೆಚ್ಚು ಪರಿಚಿತ: ಗಿರೀಶ್ ಕಾಸರವಳ್ಳಿಯವರ 'ಮನೆ' ಸಿನೆಮಾದಲ್ಲಿ ನಟಿಸಿದ ನಸೀರುದ್ದೀನ್ ಶಾ.

ಮೂವರು ಅಣ್ಣತಮ್ಮಂದಿರಲ್ಲಿ ಝಮೀರ್ ನಡುವಿನವರು. ಉತ್ತರಪ್ರದೇಶದ ಮೀರತ್ ಬಳಿಯ ಸರ್ಧನಾ ಅವರ ಮೂಲ. ಬಾಪ ಸರಕಾರಿ ಅಧಿಕಾರಿ, ಮುಂದೆ ಅಜ್ಮೀರ್ ದರ್ಗಾದ ಆಡಳಿತ ನೋಡಿಕೊಂಡವರು, ಬಲು ಕಟ್ಟುನಿಟ್ಟಿನ ಮನುಷ್ಯ. ಮಕ್ಕಳನ್ನು ನೈನಿತಾಲ್‌ನ ಸೇಂಟ್ ಜೋಸೆಫ್ ಶಾಲೆಗೆ ಹಾಕಿದರು. ಝಮೀರ್ ಅಲ್ಲಿಂದ ನ್ಯಾಷನಲ್ ಡಿಫೆನ್ಸ್ ಅಕಾಡೆಮಿ ಸೇರಿ, 1968ರಲ್ಲಿ ಫಿರಂಗಿ ದಳದ ಅಧಿಕಾರಿಯಾದರು.

ಮೂರು ವರ್ಷಕ್ಕೆ ಯುದ್ಧ ಬಂತು. 1971ರ ಡಿಸೆಂಬರ್ ಮೊದಲ ವಾರ ಜೈಸಲ್ಮೇರ್ ಕಡೆಯ ಲೋಂಗೇವಾಲಾ ಠಾಣೆಯ ಮೇಲೆ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದಾಗ ಝಮೀರ್ ಅದೇ ಮರಳುಗಾಡಿನ ರಂಗದಲ್ಲಿದ್ದ ಎಳೆಯ ಅಧಿಕಾರಿ. ಒಂದು ಕಂಪೆನಿ ಸೈನಿಕರು ರಾತ್ರಿಯಿಡೀ ಠಾಣೆ ಬಿಡದೆ ನಿಂತು, ಬೆಳಗಾದ ಮೇಲೆ ವಾಯುಪಡೆಯ ಹಂಟರ್ ವಿಮಾನಗಳು ಬಂದು ಟ್ಯಾಂಕುಗಳನ್ನು ಸುಟ್ಟ ಕಥೆಯನ್ನು 'ಬಾರ್ಡರ್' ಸಿನೆಮಾ ಮನೆಮನೆಗೆ ಮುಟ್ಟಿಸಿದೆ.

ಮುಂದಿನ ಮೂರು ದಶಕದ ಪೋಸ್ಟಿಂಗ್‌ಗಳ ಪಟ್ಟಿ ಇಲ್ಲಿ ಬೇಡ. ಸೌದಿ ಅರೇಬಿಯಾದಲ್ಲಿ ಭಾರತದ ರಕ್ಷಣಾ ಪ್ರತಿನಿಧಿಯಾಗಿದ್ದರು, ಈಶಾನ್ಯದಲ್ಲಿ ಒಂದು ಇಡೀ ಕೋರ್‌ಗೆ ದಂಡನಾಯಕರಾಗಿದ್ದರು ಎಂದರೆ ಸಾಕು. ಆದರೆ 2002ನ್ನು ಬಿಟ್ಟು ಹೋಗುವಂತಿಲ್ಲ.

ಗುಜರಾತ್ ಹೊತ್ತಿ ಉರಿಯುತ್ತಿದ್ದಾಗ ಅಲ್ಲಿಗೆ ಕಳುಹಿಸಿದ ಸೈನ್ಯದ ಮುಖ್ಯಸ್ಥ ಇದೇ ಝಮೀರುದ್ದೀನ್ ಶಾ. ಆಗ ಭೂಸೇನಾ ಮುಖ್ಯಸ್ಥರಾಗಿದ್ದವರು ಜನರಲ್ ಪದ್ಮನಾಭನ್. ಒಬ್ಬ ಮುಸ್ಲಿಂ ಅಧಿಕಾರಿಯನ್ನು ಅಂಥ ಹೊತ್ತಿನಲ್ಲಿ ಅಂಥ ಜಾಗಕ್ಕೆ ಕಳುಹಿಸಿದ್ದು ಸಣ್ಣ ವಿಷಯವಲ್ಲ. ಫೆಬ್ರವರಿ 28ರ ರಾತ್ರಿ ವಿಮಾನಗಳು ಜೋಧಪುರದಿಂದ ಅಹ್ಮದಾಬಾದಿಗೆ ಸೈನಿಕರನ್ನು ಇಳಿಸತೊಡಗಿದವು. ಊರೊಳಗೆ ಹೋಗಲು ವಾಹನ ಬೇಕಿತ್ತು. ವಾಹನಕ್ಕಾಗಿ ತನ್ನ ಜನ ಒಂದು ಹಗಲಿಡೀ ವಿಮಾನ ನಿಲ್ದಾಣದಲ್ಲೇ ಕಾಯಬೇಕಾಯಿತು ಎಂದು ಶಾ 2018ರಲ್ಲಿ ಬಂದ ತಮ್ಮ ಆತ್ಮಕಥೆ 'ದಿ ಸರ್ಕಾರಿ ಮುಸಲ್ಮಾನ್'ನಲ್ಲಿ ಬರೆದರು. ಹಾಗೆ ತಡವೇನೂ ಆಗಿಲ್ಲ ಎನ್ನುವುದು ಸುಪ್ರೀಂ ಕೋರ್ಟ್ ನೇಮಿಸಿದ ವಿಶೇಷ ತನಿಖಾ ತಂಡದ ವರದಿ. ಆ ತಂಡ ತನ್ನ ಹೇಳಿಕೆಯನ್ನೇ ಪಡೆಯಲಿಲ್ಲ ಎಂದು ಶಾ ಹೇಳಿದರು. 2022ರಲ್ಲಿ ಸುಪ್ರೀಂ ಕೋರ್ಟ್ ತನಿಖಾ ತಂಡದ ವರದಿಯನ್ನು ಎತ್ತಿಹಿಡಿಯಿತು. ಸೇವೆಯಲ್ಲಿದ್ದಷ್ಟು ಕಾಲ ಬಾಯಿ ಬಿಡದೆ, ನಿವೃತ್ತಿಯ ಹತ್ತು ವರ್ಷದ ಮೇಲೆ ಹೇಳಿದರಲ್ಲ ಎಂದು ಕೆಲವರಿಗೆ ಬೇಸರವಿದೆ. ಆದರೆ ಸಮವಸ್ತ್ರದಲ್ಲಿರುವವನು ಪತ್ರಿಕಾಗೋಷ್ಠಿ ಕರೆಯುವುದಿಲ್ಲ.

2008ರಲ್ಲಿ ನಿವೃತ್ತಿ. ಸ್ವಲ್ಪ ಕಾಲ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯಲ್ಲಿ ಸದಸ್ಯ. 2012ರ ಮೇ ತಿಂಗಳಲ್ಲಿ ಅಲಿಗಢದ ಕರೆ ಬಂತು.

ಸರ್ ಸಯ್ಯದ್ 1875ರಲ್ಲಿ ನೆಟ್ಟ ಗಿಡ 1920ರಲ್ಲಿ ವಿಶ್ವವಿದ್ಯಾನಿಲಯವಾಯಿತು ಎಂಬುದು ನಮಗೆಲ್ಲ ಗೊತ್ತು. ಶಾ ಬರುವ ಮುಂಚಿನ ವರ್ಷ ವಿದ್ಯಾರ್ಥಿ ಗುಂಪುಗಳ ಹೊಡೆದಾಟದಿಂದ ಅದೇ ಕ್ಯಾಂಪಸ್ಸನ್ನು ಅನಿರ್ದಿಷ್ಟ ಕಾಲ ಮುಚ್ಚಬೇಕಾಗಿ ಬಂದಿತ್ತು. ಸಹಕುಲಪತಿಯಾಗಿಯೂ ಒಬ್ಬ ನಿವೃತ್ತ ಬ್ರಿಗೇಡಿಯರ್ ಬಂದರು. ಇನ್ನೇನು, ಹಾಸ್ಟೆಲ್ ಹುಡುಗರಿಗೆಲ್ಲ ಪರೇಡ್ ಎಂದು ಯಾರಿಗಾದರೂ ಅನ್ನಿಸುವಂಥದ್ದೇ.

ಅವರ ಕಾಲದ ಕೆಲಸಗಳಲ್ಲಿ ನಮ್ಮವರು ಗಮನಿಸಬೇಕಾದದ್ದು 2013ರಲ್ಲಿ ಶುರುವಾದ ಬ್ರಿಜ್ ಕೋರ್ಸ್. ಮದ್ರಸಾ ಕಲಿತು ಬಂದ ಹುಡುಗರ ದಾರಿ ಅದುವರೆಗೆ ಹೆಚ್ಚಾಗಿ ಅರಬಿ, ಉರ್ದು, ದೀನಿಯಾತ್, ಯುನಾನಿ ಕಡೆಗೇ ಹೋಗುತ್ತಿತ್ತು. ಅಂಥವರಿಗೆ ಒಂದು ವರ್ಷ ಇಂಗ್ಲಿಷ್, ಕಂಪ್ಯೂಟರ್, ಸಮಾಜ ವಿಜ್ಞಾನ ಕಲಿಸಿ, ಕಾನೂನು, ಅರ್ಥಶಾಸ್ತ್ರದಂಥ ಪದವಿಗಳಿಗೆ ಪ್ರವೇಶ ಪಡೆಯುವಷ್ಟು ತಯಾರು ಮಾಡುವುದು ಇದರ ಉದ್ದೇಶ. ಬೇರೆ ಬೇರೆ ಮಸ್ಲಕಿನ ಹುಡುಗರು ಒಂದೇ ತರಗತಿಯಲ್ಲಿ ಕೂತು ಪರಸ್ಪರ ಮಾತನಾಡಬೇಕೆಂಬುದೂ ಅದರ ಭಾಗ. ಎರಡು ಸಮಸ್ತಗಳವರನ್ನು ಒಂದೇ ವೇದಿಕೆಯಲ್ಲಿ ಕೂರಿಸಲು ತಿಂಗಳುಗಟ್ಟಲೆ ಓಡಾಡುವ ನಮಗೆ ಅದರ ಕಷ್ಟ ಬೇರೆ ಹೇಳಬೇಕಾಗಿಲ್ಲ! ಕೆಲವು ಉಲಮಾಗಳ ವಿರೋಧವೂ ಬಂತು. ಆದರೂ ಕೋರ್ಸ್ ನಿಲ್ಲಲಿಲ್ಲ. ದರ್ಸ್‌ನಲ್ಲಿ ಏಳೆಂಟು ವರ್ಷ ಓದಿ, ಮುಂದೇನು ಎಂದು ತಿಳಿಯದೆ ನಿಂತ ಹುಡುಗರು ನಮ್ಮ ಊರುಗಳಲ್ಲೂ ಇದ್ದಾರೆ. ಕಿತಾಬು ಓದಿ ಪಳಗಿದ ತಲೆಗೆ ಕಾನೂನು ಪುಸ್ತಕ ಕಷ್ಟವಾಗಲಿಕ್ಕಿಲ್ಲ, ನಡುವೆ ಒಂದು ಸಂಕ ಬೇಕು ಅಷ್ಟೆ.

ಇನ್ನು ಗ್ರಂಥಾಲಯದ ಗಲಾಟೆ. 2014ರ ನವೆಂಬರಿನಲ್ಲಿ ಮಹಿಳಾ ಕಾಲೇಜಿನ ಪದವಿ ವಿದ್ಯಾರ್ಥಿನಿಯರು ತಮಗೂ ಮೌಲಾನಾ ಆಝಾದ್ ಗ್ರಂಥಾಲಯಕ್ಕೆ ಪ್ರವೇಶ ಬೇಕೆಂದರು. ಜಾಗ ಸಾಲದು, ಹುಡುಗಿಯರು ಬಂದರೆ ಹುಡುಗರ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ ಎಂಬ ಅರ್ಥದ ಮಾತು ಕುಲಪತಿಯ ಬಾಯಿಂದ ಬಂತು. ದೇಶವಿಡೀ ಸುದ್ದಿಯಾಯಿತು, ಕೇಂದ್ರ ಸಚಿವೆ ಸ್ಮೃತಿ ಇರಾನಿ ಆಕ್ಷೇಪಿಸಿದರು, ವಿಷಯ ಅಲಹಾಬಾದ್ ಹೈಕೋರ್ಟಿಗೂ ಹೋಯಿತು, ಕೊನೆಗೆ ಹುಡುಗಿಯರಿಗೆ ಬಾಗಿಲು ತೆರೆಯಿತು. ಜಾಗ ಕಡಿಮೆ ಇದ್ದದ್ದು ನಿಜವೇ ಇರಬಹುದು. ಆದರೂ ಈ ವಿಷಯದಲ್ಲಿ ಜನರಲ್ ಸಾಹೇಬರ ಪರ ವಾದಿಸಲು ನನಗೆ ಮನಸ್ಸಿಲ್ಲ. ಜಾಗ ಸಾಲದಿದ್ದರೆ ಕುರ್ಚಿ ಹೆಚ್ಚಿಸಬೇಕು, ಹುಡುಗಿಯರನ್ನು ಹೊರಗಿಡುವುದಲ್ಲ. ನಮ್ಮ ಮನೆಗಳಲ್ಲೇ ನೋಡಿ, ಪಿಯುಸಿ ಫಲಿತಾಂಶದ ದಿನ ಸಿಹಿ ಹಂಚುವುದು ಹೆಚ್ಚಾಗಿ ಹೆಣ್ಣುಮಕ್ಕಳ ಅಂಕಕ್ಕೇ.

ಅಂದಹಾಗೆ ಪಟ್ಟಾಳದ ಬಾಗಿಲೂ ಈಗ ಅವರಿಗೆ ತೆರೆದಿದೆ. 2021ರ ಸುಪ್ರೀಂ ಕೋರ್ಟ್ ಆದೇಶದ ಮೇಲೆ ಎನ್‌ಡಿಎ ಪರೀಕ್ಷೆಗೆ ಹುಡುಗಿಯರೂ ಕೂರಬಹುದಾಯಿತು. 2025ರ ಮೇ ತಿಂಗಳಲ್ಲಿ 17 ಹುಡುಗಿಯರ ಮೊದಲ ತಂಡ ತರಬೇತಿ ಮುಗಿಸಿ ಹೊರಬಂತು. ಯುಪಿಎಸ್‌ಸಿ ವರ್ಷಕ್ಕೆರಡು ಬಾರಿ ಈ ಪರೀಕ್ಷೆ ನಡೆಸುತ್ತದೆ, ಬೆಂಗಳೂರಲ್ಲೂ ಕೇಂದ್ರವಿದೆ. ವಯಸ್ಸು ಸುಮಾರು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಲಿಖಿತ ಪರೀಕ್ಷೆಗೆ 900 ಅಂಕ, ಅದರಲ್ಲಿ ಗಣಿತಕ್ಕೆ 300. ಆಮೇಲೆ ಎಸ್‌ಎಸ್‌ಬಿ ಸಂದರ್ಶನಕ್ಕೂ 900. ತರಬೇತಿಯ ಖರ್ಚು ಸರಕಾರದ್ದು. ಚಿಕ್ಕ ಮಕ್ಕಳಿರುವವರು ಹೊಸೂರು ರಸ್ತೆಯ ರಾಷ್ಟ್ರೀಯ ಮಿಲಿಟರಿ ಶಾಲೆ, ವಿಜಯಪುರದ ಮತ್ತು ಕೊಡಗಿನ ಸೈನಿಕ ಶಾಲೆಗಳ ಆರನೇ ತರಗತಿ ಪ್ರವೇಶ ಪರೀಕ್ಷೆ ಯಾವಾಗ ಎಂದು ವಿಚಾರಿಸಿಟ್ಟುಕೊಳ್ಳಬಹುದು.

ಯುದ್ಧದ ಆಚೆಗೂ ಸೈನಿಕನ ಬದುಕಿದೆ ಎನ್ನಲು ನಮ್ಮ ರಾಜ್ಯದಲ್ಲೇ ಹುಬ್ಬಳ್ಳಿಯ ಕ್ಯಾಪ್ಟನ್ ನವೀನ್ ನಾಗಪ್ಪ ಇದ್ದಾರೆ. 1999ರ ಕಾರ್ಗಿಲ್ ಯುದ್ಧದಲ್ಲಿ ಗ್ರೆನೇಡ್ ಸಿಡಿದು ಎರಡೂ ಕಾಲಿಗೆ ಪೆಟ್ಟಾಯಿತು, ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆ, ತಿಂಗಳುಗಟ್ಟಲೆ ಆಸ್ಪತ್ರೆ. ಅಲ್ಲಿಂದ ಎದ್ದು ಎಂಜಿನಿಯರಿಂಗ್ ಸೇವಾ ಪರೀಕ್ಷೆ ಬರೆದು ಮಿಲಿಟರಿ ಎಂಜಿನಿಯರ್ ಆದರು. ಈಗ ವಿದ್ಯಾರ್ಥಿಗಳ ಮುಂದೆ ನಿಂತು ಮಾತನಾಡುತ್ತಾರೆ.

ಝಮೀರುದ್ದೀನ್ ಶಾ 2017ರಲ್ಲಿ ಅಲಿಗಢ ಬಿಟ್ಟರು. ಮರುವರ್ಷ ಬಂದ ಪುಸ್ತಕದ ಹೆಸರಿನಲ್ಲೇ ಒಂದು ಕುಟುಕು ಇದೆ. 'ಸರ್ಕಾರಿ ಮುಸಲ್ಮಾನ್' ಎನ್ನುವುದು ನಮ್ಮವರೇ ನಮ್ಮವರಿಗೆ ಹಾಕುವ ಬೈಗುಳ. ಅದನ್ನೇ ಮುಖಪುಟದಲ್ಲಿ ಅಚ್ಚು ಹಾಕಿಸಿಕೊಂಡರು ಜನರಲ್!

ಅವರ ಮನೆಯನ್ನೂ ಒಮ್ಮೆ ನೋಡಿ. ಮಗ ಮೇಜರ್ ಮುಹಮ್ಮದ್ ಅಲಿ ಶಾ ಬಾಪನ ಹಾಗೆ ಸೈನ್ಯಕ್ಕೆ ಸೇರಿ, ಆಮೇಲೆ ಚಿಕ್ಕಪ್ಪನ ಹಾಗೆ ನಟನೆಗಿಳಿದು 'ಹೈದರ್' ಸಿನೆಮಾದಲ್ಲಿ ಕಾಣಿಸಿಕೊಂಡರು. ಮಗಳು ಸಾಯಿರಾ ಶಾ ಹಲೀಂ ಕೋಲ್ಕತಾದಲ್ಲಿ ಸಿಪಿಎಂ ನಾಯಕಿ. 2022ರ ಬಾಲಿಗಂಜ್ ಉಪಚುನಾವಣೆಯಲ್ಲಿ ಸೋತರೂ ಎರಡನೇ ಸ್ಥಾನಕ್ಕೆ ಬಂದರು. ಅಳಿಯ ಡಾ. ಫುವಾದ್ ಹಲೀಂ, ಪಶ್ಚಿಮ ಬಂಗಾಳದ ವಿಧಾನಸಭೆಯಲ್ಲಿ ದೀರ್ಘಕಾಲ ಸ್ಪೀಕರ್ ಆಗಿದ್ದ ಹಾಶಿಂ ಅಬ್ದುಲ್ ಹಲೀಂ ಅವರ ಮಗ. ಕೊರೋನ ಲಾಕ್‌ಡೌನ್ ಕಾಲದಲ್ಲಿ ಕೋಲ್ಕತಾದ ಬಡ ರೋಗಿಗಳಿಗೆ ಈ ಡಾಕ್ಟರ್ ಡಯಾಲಿಸಿಸ್ ಮಾಡುತ್ತಿದ್ದದ್ದು ಬರೀ 50 ರೂಪಾಯಿಗೆ.