ದುಡಿಯುವ ಗಾಡಿಯ ಸಿಂಗಾರ

ಧಾರವಾಡದಿಂದ ಪಡುವಣಕ್ಕೆ ಹೊರಟು ಕ್ಯಾರಕೊಪ್ಪವನ್ನು ಹಿಂದಿಕ್ಕಿದ ಮೇಲೆ, ಎರೆಯ ಕಪ್ಪು ತೆಳ್ಳಗಾಗುತ್ತ ಬಂದು ಮಸಾರಿಯ ಕೆಂಪು ಚಕ್ರಕ್ಕೆ ಹತ್ತತೊಡಗುವ ಎಡೆಯಲ್ಲಿ ಮುಗದವಿದೆ. ಬಯಲುಸೀಮೆ ಮುಗಿದೂ ಮಲೆನಾಡು ಇನ್ನೂ ಮೊದಲಾಗದ ಈ ಸಂಧಿಪ್ರದೇಶವನ್ನು ನಾಡಿನ ಒಕ್ಕಲಿಗರು ಅದರ ಭತ್ತದಿಂದ ಬಲ್ಲರು. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಭತ್ತದ ಸಂಶೋಧನಾ ಕೇಂದ್ರ ಇಲ್ಲಿಯೇ ಇದ್ದು, ‘ಮುಗದ ಸುಗಂಧ’ವೆಂಬ ಪರಿಮಳದ ತಳಿಗೆ ಹೆಸರನ್ನಿತ್ತುದು ಈ ಊರೇ. ಕೂರಿಗೆಯಿಂದ ಬಿತ್ತಿದ ಭತ್ತದ ಹೊಲಗಳ ನಡುವೆ ಹಾಯುವ ಇಲ್ಲಿಯ ಬಂಡಿದಾರಿಗಳು, ಆರಿದ್ರಾ ಮಳೆ ಹಿಡಿದು ಆಶ್ಲೇಷಾ ಮಳೆ ತೀರುವವರೆಗೆ, ಸಾಧಾರಣ ಕಾರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಗಾಲಿಯ ಜಾಡಿನಲ್ಲಿ ನೀರು ನಿಂತು, ನಡುವಣ ದಿಣ್ಣೆ ಎತ್ತರವಾಗಿ, ಕಾರು ಹೊಟ್ಟೆಯೂರಿ ನಿಂತುಬಿಡುವ ಕಡೆಯಲ್ಲಿ ನಾಲ್ಕು ಚಕ್ರಗಳಿಗೂ ಎಂಜಿನ್ನಿನ ಶಕ್ತಿಯನ್ನು ಹಂಚಬಲ್ಲ ಜೀಪು ಮೆಲ್ಲನೆ, ಆದರೆ ನಿಶ್ಚಿತವಾಗಿ, ಮುಂದೆ ಸಾಗುತ್ತದೆ. ಹೊಸ ಹೊಸ ಕಾರುಗಳು ಊರೂರಿಗೆ ಬಂದಿರುವ ಈ ಕಾಲದಲ್ಲಿಯೂ ಮುಗದದಿಂದ ಅಳ್ನಾವರಕ್ಕೆ, ಅಲ್ಲಿಂದ ಹಳಿಯಾಳ ದಾಂಡೇಲಿಗಳ ಕಾಡಿನತ್ತ ಹೋದಂತೆಲ್ಲ, ಹಳೆಯ ಜೀಪುಗಳು ಮನೆಯ ಮುಂದಿನ ಕಟ್ಟೆಯ ಪಕ್ಕದಲ್ಲಿ, ದನದ ಕೊಟ್ಟಿಗೆಯ ಮಗ್ಗುಲಲ್ಲಿ, ನಿತ್ಯದ ದುಡಿಮೆಯಲ್ಲಿ ಉಳಿದಿರುವುದಕ್ಕೆ ಇದೇ ಕಾರಣ.

ಇಂಥ ಹಳೆಯ ಜೀಪೊಂದನ್ನು ಕೊಂಡು ತಂದು, ತನ್ನ ಕೈಯಿಂದಲೇ ಅದಕ್ಕೆ ಚೆಲುವನ್ನು ಮರಳಿಸಬೇಕೆಂಬ ಹಂಬಲ ಈಚೆಗೆ ನಮ್ಮ ಕಡೆಯ ತರುಣರಲ್ಲಿ ಹೆಚ್ಚುತ್ತಿದೆ. ಇದು ಸಂತೋಷದ ಮಾತು. ದುಡ್ಡು ಕೊಟ್ಟು ಮಾಡಿಸಿದ ಅಂದ ಕಣ್ಣಿಗೆ ದೊರೆಯುತ್ತದೆಯೇ ಹೊರತು ಕೈಗೆ ದೊರೆಯದು. ತಗಡಿನ ಪ್ರತಿಯೊಂದು ತಗ್ಗನ್ನೂ ಬೆರಳಿನಿಂದ ಸವರಿ ಅರಿತವನು ಆ ಗಾಡಿಯನ್ನು ಮುಂದೆ ಇಪ್ಪತ್ತು ವರ್ಷ ನಡೆಸಬಲ್ಲನು. ಆದರೆ ಈ ಸಿಂಗಾರವು ಎಲ್ಲಿಂದ ಆರಂಭವಾಗತಕ್ಕುದು, ಎಲ್ಲಿ ನಿಲ್ಲತಕ್ಕುದು ಎಂಬ ವಿವೇಚನೆ ಹಂಬಲದಷ್ಟು ಬೆಳೆದಿಲ್ಲವೆಂದು ನನಗೆ ಅನ್ನಿಸುವುದರಿಂದ ಈ ಲೇಖನಕ್ಕೆ ಕೈಯಿಕ್ಕಿದ್ದೇನೆ.

ಮೊದಲಿಗೆ ಈ ವಾಹನದ ಹುಟ್ಟನ್ನು ನೆನೆಯಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯಕ್ಕೆಂದು ವಿಲ್ಲೀಸ್ ಮತ್ತು ಫೋರ್ಡ್ ಕಾರಖಾನೆಗಳು 1941ರಿಂದ 1945ರವರೆಗೆ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ನಿರ್ಮಿಸಿದುವು. ಅವಸರದಲ್ಲಿ ಮಾಡಬೇಕಾಗಿದ್ದ, ಯುದ್ಧಭೂಮಿಯಲ್ಲಿ ಸಾಮಾನ್ಯ ಸಿಪಾಯಿಯೇ ಬಿಚ್ಚಿ ಜೋಡಿಸಬೇಕಾಗಿದ್ದ ವಾಹನವಾದುದರಿಂದ ಅದರ ಮೈಯಲ್ಲಿ ಬಳುಕು ಬಾಗುಗಳಿಗೆ ಎಡೆಯಿರಲಿಲ್ಲ. ಮಡ್‌ಗಾರ್ಡು ಚಪ್ಪಟೆ, ಬಾನೆಟ್ಟು ಚಪ್ಪಟೆ, ಪಕ್ಕದ ತಗಡೂ ಚಪ್ಪಟೆ. ಮುಂದಿನ ಗಾಜು ಮಡಚಿ ಬಾನೆಟ್ಟಿನ ಮೇಲೆ ಮಲಗುವಂಥದು. ಎಲ್ಲವೂ ಬೋಲ್ಟಿನಿಂದ ಬಿಗಿದವು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಸಂಸ್ಥೆಯವರು ಇದೇ ವಿಲ್ಲೀಸ್ ಜೀಪಿನ ಬಿಡಿಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸಲಾರಂಭಿಸಿ, ಮುಂದೆ ತಾವೇ ತಯಾರಿಸತೊಡಗಿ, ಎಂಬತ್ತರ ದಶಕಕ್ಕೆ ಪ್ಯೂಜೋ ವಂಶದ ಡೀಸೆಲ್ ಎಂಜಿನ್ನನ್ನು ಹೊತ್ತ ಎಂಎಂ 540ರವರೆಗೆ ಬಂದಾಗಲೂ ಆ ಚಪ್ಪಟೆ ಮೈಯ ಸರಳತೆಯನ್ನು ಬಿಡಲಿಲ್ಲ. 1985ರಲ್ಲಿ ಬಂದ ಮಾರುತಿ ಜಿಪ್ಸಿಯ ಮೈಕಟ್ಟೂ ಹೆಚ್ಚುಕಡಿಮೆ ಇದೇ ಜಾತಿಯದು. ಗಾಳಿಯನ್ನು ಸೀಳಲೆಂದು ಬಾಗಿಸಿದ ಇಂದಿನ ಕಾರಿನ ಬಾಗಿಲಲ್ಲಿ ಒಂದು ತಗ್ಗು ಬಿದ್ದರೆ ಅದನ್ನು ಸರಿಪಡಿಸಲು ಪಳಗಿದ ಕೈಯೇ ಬೇಕು. ಜೀಪಿನ ಮಡ್‌ಗಾರ್ಡನ್ನಾದರೋ ಎರಡು ಪಾನಾಗಳಿಂದ ಬಿಚ್ಚಿ, ಅಂಗಳದ ಕಟ್ಟಿಗೆಯ ದಿಮ್ಮಿಯ ಮೇಲೆ ಬೋರಲು ಹಾಕಿ, ಹೊಸಬನೂ ಸುತ್ತಿಗೆಯಿಂದ ಮೆಲ್ಲನೆ ಬಡಿದು ನೆಟ್ಟಗೆ ಮಾಡಬಹುದು.

ನನ್ನ ಅಕ್ಕನ ಮಗನೊಬ್ಬನು ಹಳಿಯಾಳದ ಕಡೆಯಿಂದ ಇಂಥದೊಂದು 540 ಜೀಪನ್ನು ಮುಗದಕ್ಕೆ ತಂದು ಹುಣಸೆಯ ಮರದ ಕೆಳಗೆ ನಿಲ್ಲಿಸಿದಾಗ ಅವನ ಕೈಯಲ್ಲಿ ಸಾಮಾನಿನ ಯಾದಿಯೊಂದು ಸಿದ್ಧವಾಗಿತ್ತು. “ಮಾಮಾ, ಮ್ಯಾಲೆ ಸಾಲಿಗೆ ಲೈಟ್ ಹಾಕಸ್ತೀನಿ, ಮುಂದ ಬುಲ್‌ಬಾರ್, ಟಾಯರ್ ದೊಡ್ಡವು, ಮೈಗೆ ಮಿಲಿಟ್ರಿ ಹಸಿರು, ಎಂಟ ದಿನದಾಗ ಹೊಸಾ ಗಾಡಿ ಆಗಿಬಿಡತೈತಿ ನೋಡ್ರಿ” ಎಂದನು. ನಾನು ಅವನಿಗೆ ಕೇಳಿದುದು ಇಷ್ಟೇ: “ಕಾರಹುಣ್ಣಿವಿಗೆ ನಿಮ್ಮಪ್ಪ ಎತ್ತಿನ ಕೋಡಿಗೆ ಬಣ್ಣಾ ಹಚ್ಚೂ ಮುಂಚೆ ಏನ್ ಮಾಡತಾನಪಾ?” ನಮ್ಮ ಒಕ್ಕಲುಮಕ್ಕಳು ಆ ದಿನ ಎತ್ತುಗಳನ್ನು ಕೆರೆಗೆ ಇಳಿಸಿ ಉಜ್ಜಿ ಮೀಯಿಸುತ್ತಾರೆ, ಕೋಡನ್ನು ಹೆರೆದು ನುಣುಪು ಮಾಡುತ್ತಾರೆ, ಗೊರಸನ್ನು ನೋಡುತ್ತಾರೆ, ನೊಗ ತಾಗಿ ಹೆಗಲಲ್ಲಿ ಹುಣ್ಣಾಗಿದೆಯೋ ಎಂದು ತಡವುತ್ತಾರೆ, ಬಣ್ಣ, ಗೊಂಡೆ, ಕೊಡಣಸು ಇವೆಲ್ಲ ಕಡೆಗೆ. ಮರುದಿನದಿಂದ ಆ ಎತ್ತು ಮತ್ತೆ ನೊಗಕ್ಕೆ ಬರತಕ್ಕದ್ದು ಎಂಬುದನ್ನು ಮರೆತು ಯಾರೂ ಅದನ್ನು ಅಲಂಕರಿಸುವುದಿಲ್ಲ. ಜೀಪೂ ದುಡಿಯುವ ಗಾಡಿ; ಅದರ ಅಲಂಕಾರಕ್ಕೂ ಅದೇ ಕ್ರಮ, ಅದೇ ಮರ್ಯಾದೆ ಸಲ್ಲಬೇಕು.

ಆದುದರಿಂದ ನಾವು ಬಣ್ಣದ ಡಬ್ಬಿಯನ್ನು ತರುವುದಕ್ಕೆ ಬದಲು ಸೀಮೆಎಣ್ಣೆ, ಬ್ರಶ್ಶು ಮತ್ತು ಉಜ್ಜುವ ಕಾಗದಗಳಿಂದ ಆರಂಭಿಸಿದೆವು. ಚಾಸಿಯ ಸಂದುಗಳಲ್ಲಿ ವರುಷಗಳಿಂದ ಗ್ರೀಸು ಕೂಡಿ ಕಲ್ಲಾಗಿದ್ದ ಮಣ್ಣನ್ನು ಕೆರೆದು, ಸೀಮೆಎಣ್ಣೆಯಿಂದ ತೊಳೆದು, ಸಾಬೂನಿನ ನೀರಿನಿಂದ ಜಿಡ್ಡು ಕಳೆದು, ಬಿಚ್ಚಿದ ಬೋಲ್ಟುಗಳನ್ನು ಎಲ್ಲಿಯವೆಂದು ಚೀಟಿ ಬರೆದು ಬೇರೆ ಬೇರೆ ಚೀಲಗಳಲ್ಲಿ ಕಟ್ಟಿಡುವುದರಲ್ಲಿಯೇ ಬಹಳಷ್ಟು ಹೊತ್ತು ಕಳೆಯಿತು. ಬಳಿಕ ಬಾನೆಟ್ಟಿನ ಮೂಲೆಯನ್ನು 80ನೆಯ ನಂಬರಿನ ಕಾಗದದಿಂದ ಉಜ್ಜತೊಡಗಿದಾಗ ಕಂಡುದನ್ನು ಇಲ್ಲಿ ಹೇಳದಿರಲಾರೆ. ಮೇಲಿನ ಮಾಸಿದ ಬಿಳುಪು ಹೋಗಿ ಅಡಿಯಲ್ಲಿ ನೀಲಿಯ ಉಂಗುರ, ಅದರೊಳಗೆ ತೆಳ್ಳನೆಯ ಬೂದುಬಣ್ಣ, ಅದರೊಳಗೆ ಮತ್ತೊಂದು ಕಡುಹಸಿರು, ನಟ್ಟನಡುವೆ ರೆಡ್ ಆಕ್ಸೈಡಿನ ಕೆಂಪು, ಕಡೆಗೆ ಬೊಟ್ಟಿನಗಲ ಬೆಳ್ಳನೆಯ ಉಕ್ಕು, ಹೀಗೆ ಒಂದರೊಳಗೊಂದಾಗಿ ವರ್ತುಲಗಳು ತೆರೆದುಕೊಂಡುವು. ಒಬ್ಬೊಬ್ಬ ಒಡೆಯನೂ ಹಿಂದಿನವನ ಬಣ್ಣದ ಮೇಲೆಯೇ ತನ್ನದನ್ನು ಬಳಿದು ಮುಂದಿನವನಿಗೆ ದಾಟಿಸಿದ್ದನು. ತುಕ್ಕು ಮಾತ್ರ ಎಲ್ಲರ ಕೆಳಗೂ ತನ್ನ ಕೆಲಸವನ್ನು ನಡೆಸಿಕೊಂಡು ಬಂದಿದ್ದಿತು.

ತುಕ್ಕಿನ ಸ್ವಭಾವವನ್ನು ಅರಿಯದೆ ಬಣ್ಣ ಬಳಿಯುವುದು ವ್ಯರ್ಥ. ಕಬ್ಬಿಣವು ತುಕ್ಕಾಗಿ ಮಾರ್ಪಟ್ಟಾಗ ಮೊದಲಿಗಿಂತ ಹಲವು ಪಟ್ಟು ಹೆಚ್ಚು ಎಡೆಯನ್ನು ಬೇಡುತ್ತದೆ. ಬಣ್ಣದ ಪೊರೆಯನ್ನು ಒಳಗಿನಿಂದ ಎತ್ತಿ ಗುಳ್ಳೆ ಮಾಡುತ್ತದೆ. ಆ ಗುಳ್ಳೆ ಒಡೆದಲ್ಲಿ ನೀರು ಸೇರಿ ಅದು ಮತ್ತಷ್ಟು ಹಬ್ಬುತ್ತದೆ. ಸಡಿಲವಾದುದನ್ನೆಲ್ಲ ತಂತಿಯ ಬ್ರಶ್ಶಿನಿಂದ ಕೆರೆದು ತೆಗೆದ ಮೇಲೂ ತಗಡಿನ ಸಣ್ಣ ರಂಧ್ರಗಳಲ್ಲಿ ಉಳಿಯುವುದನ್ನು ಅಡಗಿಸಲು ಅಂಗಡಿಗಳಲ್ಲಿ ದೊರೆಯುವ ದ್ರಾವಣಗಳಲ್ಲಿ ಎರಡು ಬಗೆ: ಒಂದರಲ್ಲಿ ಫಾಸ್ಫಾರಿಕ್ ಆಮ್ಲ, ಇನ್ನೊಂದರಲ್ಲಿ ಟ್ಯಾನಿನ್ ಎಂಬ ಒಗರಿನ ಸತ್ತ್ವ. ಎರಡನೆಯದನ್ನು ಹಚ್ಚಿದ ಕೂಡಲೆ ಕೆಂಪು ತುಕ್ಕು ನೀಲಿಗಪ್ಪಿಗೆ ತಿರುಗಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಕೂಡಿಸಿ ನಮ್ಮ ಹಿರಿಯರು ಬರೆಯುವ ಮಸಿಯನ್ನು ಮಾಡುತ್ತಿದ್ದುದು ಕಬ್ಬಿಣ ಮತ್ತು ಒಗರುಗಳ ಇದೇ ಸಂಯೋಗದಿಂದ. ಹೀಗೆ ಅಡಗಿಸಿದ ತುಕ್ಕಿನ ಮೇಲೆ ಬಳಿಯುವ ರೆಡ್ ಆಕ್ಸೈಡಿನ ಕೆಂಪಿಗೂ ಕುಂಬಾರರು ಗಡಿಗೆಯ ಮೈಗೆ ಹಚ್ಚುವ ಕೆಮ್ಮಣ್ಣಿನ ಕೆಂಪಿಗೂ ಮೂಲದ್ರವ್ಯ ಒಂದೇ, ಅದು ಕಬ್ಬಿಣದ ಆಕ್ಸೈಡು. ಆದರೆ ಸಾಧಾರಣ ರೆಡ್ ಆಕ್ಸೈಡ್ ಪ್ರೈಮರು ನೀರನ್ನು ಪೂರ್ತಿಯಾಗಿ ತಡೆಯಲಾರದು. ಅದನ್ನಷ್ಟೇ ಬಳಿದು ಗಾಡಿಯನ್ನು ಮಳೆಯಲ್ಲಿ ಬಿಡಕೂಡದು. ಮಳೆ ಹೆಚ್ಚಿರುವ ಈ ಸೀಮೆಗೆ ಜಿಂಕ್ ಫಾಸ್ಫೇಟ್ ಇರುವ ಪ್ರೈಮರು ಮೇಲು.

ತೂತಾದ ತಗಡಿಗೆ ಪುಟ್ಟಿ ತುಂಬಿ ಮುಚ್ಚುವುದು ಹಳೆಯ ಗಾಡಿಗಳ ವ್ಯಾಪಾರದಲ್ಲಿ ಎಲ್ಲೆಡೆಯೂ ಕಾಣುವ ಮೋಸ. ಪುಟ್ಟಿಯು ತಗ್ಗನ್ನು ಸಮಮಾಡಲಿಕ್ಕೆ ಇರುವುದೇ ಹೊರತು ತಗಡಿನ ಬದಲಿಗಲ್ಲ. ಎರಡು ಮೂರು ಮಿಲಿಮೀಟರಿಗಿಂತ ದಪ್ಪನಾದರೆ ಜೀಪಿನ ಕುಲುಕಾಟಕ್ಕೆ ಬಿರಿದು ಹೋಳಾಗಿ ಬೀಳುತ್ತದೆ. ತೂತಿದ್ದಲ್ಲಿ ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಿಸಬೇಕು, ಮತ್ತು ಈ ಒಂದು ಕೆಲಸವನ್ನು ಬಲ್ಲ ವೆಲ್ಡರನ ಕೈಗೆ ಒಪ್ಪಿಸುವುದರಲ್ಲಿ ಯಾವ ಕುಂದೂ ಇಲ್ಲ. ಪುಟ್ಟಿ ಹಚ್ಚಿದ ಮೇಲೆ 120, 220, 400 ಎಂದು ಏರುತ್ತ ಹೋಗುವ ನಂಬರಿನ ಕಾಗದಗಳಿಂದ ಉಜ್ಜುವಾಗ, ಕಣ್ಣಿಗಿಂತ ಅಂಗೈಯನ್ನು ನಂಬತಕ್ಕದ್ದು. ಮೇಲೆ ತುಸು ಕಾಡಿಗೆಯ ಪುಡಿಯನ್ನು ಒರಸಿ, ಚಪ್ಪಟೆಯ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿದರೆ, ಉಬ್ಬಿದೆಡೆಯ ಕಪ್ಪು ಅಳಿದು ತಗ್ಗಿನಲ್ಲಿ ಮಾತ್ರ ಉಳಿದು, ದೋಷವೆಲ್ಲ ತಾನಾಗಿ ತೋರಿಬರುತ್ತದೆ.

ಬಣ್ಣ ಬಳಿಯಲು ನಮ್ಮ ಕಡೆ ಒಳ್ಳೆಯ ಕಾಲವೆಂದರೆ ಖಂಡೇನವಮಿ ಕಳೆದು ಮಳೆ ಪೂರ್ತಿ ಹೊಳವಾದ ಮೇಲೆ, ಇಬ್ಬನಿ ಆರಿದ ಹೊತ್ತಿನಿಂದ ಮಧ್ಯಾಹ್ನದವರೆಗೆ. ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಬಣ್ಣದ ಹೊಳಪಿನ ಮೇಲೆ ಬೆಳ್ಳನೆಯ ಮಂಕು ಕವಿಯುತ್ತದೆ. ರಾಶಿಯ ದಿನಗಳಲ್ಲಿಯಾದರೆ ಹೊಟ್ಟು ಧೂಳು ಹಾರಿಬಂದು ಹಸಿಬಣ್ಣಕ್ಕೆ ಹತ್ತುತ್ತವೆ. ಕೊಟ್ಟಿಗೆಯನ್ನು ಬರಿದುಮಾಡಿ, ನೆಲಕ್ಕೆ ನೀರು ಚಿಮುಕಿಸಿ, ಧೂಳು ಅಡಗಿದ ಮೇಲೆ ಸ್ಪ್ರೇ ಗನ್ನನ್ನು ತಗಡಿನಿಂದ ಒಂದು ಗೇಣಿಗೆ ತುಸು ಕಡಿಮೆ ದೂರದಲ್ಲಿ ಹಿಡಿದು, ಮಣಿಕಟ್ಟನ್ನು ತಿರುಗಿಸದೆ ಇಡಿಯ ತೋಳನ್ನು ಸಾಗಿಸುತ್ತ, ಒಂದು ಪಟ್ಟಿಯ ಅರ್ಧದ ಮೇಲೆ ಮತ್ತೊಂದು ಬೀಳುವಂತೆ, ತೆಳುವಾಗಿ ಹಲವು ಸಲ ಹೊಡೆಯಬೇಕು. ಒಮ್ಮೆಗೇ ದಪ್ಪಗೆ ಹೊಡೆದರೆ ಬಣ್ಣ ಒಸರಿ ಕೆಳಗಿಳಿದು ಎಳೆಯಾಗಿ ನಿಲ್ಲುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಕನ್ನಡಿಯ ಹೊಳಪನ್ನು ಕೊಡುವ, ಹಾರ್ಡನರನ್ನು ಬೆರಸಿ ಹೊಡೆಯುವ ಎರಡು ಘಟಕಗಳ ಬಣ್ಣಗಳಲ್ಲಿ ಐಸೋಸಯನೇಟ್ ಎಂಬ ದ್ರವ್ಯವಿದ್ದು, ಅದರ ಹಬೆ ಶ್ವಾಸಕೋಶವನ್ನು ಕೆಡಿಸಿ ಬಾಳಿನುದ್ದಕ್ಕೂ ದಮ್ಮನ್ನು ತರಬಲ್ಲದು. ಮೂಗಿಗೆ ಕಟ್ಟಿದ ಟವೆಲು ಅದನ್ನು ತಡೆಯದು. ಹೊರಗಿನ ಶುದ್ಧವಾದ ಗಾಳಿಯನ್ನು ಕೊಳವೆಯಿಂದ ಒದಗಿಸುವ ಮುಖವಾಡ ಮನೆಯಲ್ಲಿ ಇರುವುದಿಲ್ಲವಾದುದರಿಂದ ಆ ಬಣ್ಣವನ್ನು ಮನೆಯ ಕೊಟ್ಟಿಗೆಯಲ್ಲಿ ಹೊಡೆಯಲೇಬಾರದು. ನನ್ನ ಅಭಿಪ್ರಾಯದಲ್ಲಿ ಅದರ ಅಗತ್ಯವೂ ಇಲ್ಲ. ಒಳ್ಳೆಯ ಸಿಂಥೆಟಿಕ್ ಎನಾಮೆಲನ್ನು ಬ್ರಶ್ಶಿನಿಂದಲೋ ಸಣ್ಣ ರೋಲರಿನಿಂದಲೋ ಸಾವಧಾನವಾಗಿ ಬಳಿದು, ಆರಿದ ಮೇಲೆ 800ರ ಕಾಗದವನ್ನು ನೀರಿನಲ್ಲಿ ತೊಯ್ಸಿ ಉಜ್ಜಿ, ಮತ್ತೊಂದು ಸಲ ಬಳಿದರೆ ಈ ಜಾತಿಯ ವಾಹನಕ್ಕೆ ಒಪ್ಪುವ ಸೌಮ್ಯವಾದ ಕಾಂತಿ ಬರುತ್ತದೆ. ಮುಳ್ಳುಬೇಲಿ ತರಚಿದರೆ ಅಷ್ಟು ಭಾಗವನ್ನು ಮಾತ್ರ ಮರುದಿನ ಸರಿಪಡಿಸಿಕೊಳ್ಳಲೂಬಹುದು. ವರ್ಣದ ಆಯ್ಕೆಯಲ್ಲಿಯೂ ಈ ನೆಲದ ಧೂಳನ್ನು ಲೆಕ್ಕಕ್ಕೆ ಹಿಡಿಯಬೇಕು. ಕಡುಗಪ್ಪಿನ ಮೇಲೆ ಮಸಾರಿಯ ಕೆಂಧೂಳು ದಿನವೂ ಕೊಳೆಯಾಗಿ ಕಾಣುತ್ತದೆ; ಮರಳಿನ ಬಣ್ಣ, ಹಾಲುಬೂದಿ, ಮಾಸಲು ನೀಲಿ ಇವುಗಳ ಮೇಲೆ ಅದು ಸಹಜವಾಗಿ ಒಪ್ಪುತ್ತದೆ.

ಮಿಲಿಟರಿ ಹಸಿರಿನ ವಿಚಾರಕ್ಕೆ ಬಂದರೆ, ಅದು ರುಚಿಯ ಪ್ರಶ್ನೆಯೇ ಅಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮವು ಆಲಿವ್ ಹಸಿರನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲಿಟ್ಟಿದೆ. ಬೇರೆ ಬಣ್ಣಕ್ಕೆ ಬದಲಿಸುವುದಾದರೂ ಮೊದಲೇ ಆರ್‌ಟಿಒ ಕಚೇರಿಯ ಒಪ್ಪಿಗೆ ಪಡೆದು ನೋಂದಣಿ ಪತ್ರದಲ್ಲಿ ಬರೆಯಿಸಿಕೊಳ್ಳತಕ್ಕದ್ದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯು ಒಂದೊಂದು ಅಕ್ರಮ ಮಾರ್ಪಾಡಿಗೂ 5,000 ರೂಪಾಯಿ ದಂಡವನ್ನೋ ಆರು ತಿಂಗಳವರೆಗಿನ ಸೆರೆಯನ್ನೋ ಎರಡನ್ನೂ ಒಟ್ಟಿಗೋ ವಿಧಿಸಬಹುದೆನ್ನುತ್ತದೆ. ಬುಲ್‌ಬಾರಿನ ವಿರುದ್ಧ 2017ರ ಡಿಸೆಂಬರಿನಲ್ಲಿಯೇ ಕೇಂದ್ರದ ಆದೇಶ ಹೊರಟಿದೆ, ಮತ್ತು ಅದಕ್ಕೆ ಸಕಾರಣವುಂಟು: ದಾರಿಹೋಕನಿಗೆ ತಾಗಿದಾಗ ಬಾಗಿ ಪೆಟ್ಟನ್ನು ಹೀರಿಕೊಳ್ಳಬೇಕಾದ ತಗಡಿನ ಮುಂದೆ ಬಾಗದ ಉಕ್ಕಿನ ಕೊಳವೆಯನ್ನು ನಿಲ್ಲಿಸುವುದು ಅವನ ಎಲುಬನ್ನು ಮುರಿಯುವ ಉಪಾಯವಾಗುತ್ತದೆ. ಹರಿಯಾಣ ಪಂಜಾಬಗಳ ಗಡಿಯ ಮಂಡಿ ಡಬವಾಲಿಯಲ್ಲಿ ಕಟ್ಟಿದ, ಆಳೆತ್ತರದ ಗಾಲಿಗಳ ಜೀಪುಗಳ ಚಿತ್ರಗಳು ತರುಣರ ಕಣ್ಣನ್ನು ಸೆಳೆಯುವುದು ನಿಜ. ಅವನ್ನು ಮುಗದದ ಬದುವಿನ ಮೇಲೆ ಹತ್ತಿಸುವವನಿಗೆ, ಎತ್ತರಿಸಿದ ಗಾಡಿಯು ಎಷ್ಟು ಬೇಗ ಮಗುಚುತ್ತದೆ ಎಂಬುದನ್ನು ಮಾತ್ರ ಯಾವ ಚಿತ್ರವೂ ಹೇಳುವುದಿಲ್ಲ.

ಹಾಗಾದರೆ ಕೈಗೆ ಉಳಿಯುವ ಸಿಂಗಾರ ಯಾವುದು? ಬೇಕಾದಷ್ಟಿದೆ. ಮಸುಕಾದ ಹೆಡ್‌ಲೈಟಿನ ಗಾಜನ್ನೂ ಒಳಗಿನ ಪ್ರತಿಫಲಕವನ್ನೂ ಬದಲಿಸಿದರೆ ಮುಖವೇ ಎಚ್ಚರಗೊಂಡಂತಾಗುತ್ತದೆ. ಚಕ್ರದ ಡಿಸ್ಕುಗಳನ್ನು ತೆಗೆದು ತಿಕ್ಕಿ ಬಣ್ಣ ಬಳಿಯುವುದು ಬಿಡುವಿನ ಒಂದು ದಿನದ ಕೆಲಸ. ಹರಿದ ರೆಕ್ಸಿನ್ ಹುಡ್ಡಿನ ಬದಲಿಗೆ ದಪ್ಪ ಹತ್ತಿಯ ಕ್ಯಾನ್ವಾಸನ್ನು, ಹುಬ್ಬಳ್ಳಿಯಲ್ಲಿ ತಾಡಪತ್ರಿ ಹೊಲಿಯುವವರಿಂದ, ಹಳೆಯ ಹುಡ್ಡನ್ನೇ ಅಳತೆಗೆ ಕೊಟ್ಟು ಹೊಲಿಸಿಕೊಳ್ಳಬಹುದು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಸೂರೆಗೊಂಡುದು ಹಿಂದಿನ ಎದುರುಬದುರು ಬೆಂಚುಗಳಿಗೆ ನಮ್ಮ ಅಕ್ಕ ಹೊಲಿದುಕೊಟ್ಟ ಕೌದಿ. ಹಳೆಯ ಸೀರೆಗಳ, ಧೋತರಗಳ ತುಂಡುಗಳನ್ನು ಪದರಪದರವಾಗಿ ಹಾಸಿ, ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ಒತ್ತೊತ್ತಾದ ಹೊಲಿಗೆಯನ್ನು ತಂದು, ಕೆಳಗೆ ಲಾಡಿಗಳನ್ನು ಕೂಡಿಸಿದ್ದಳು. “ತಮ್ಮಾ, ಕೆಸರಾದ್ರ ಲಾಡಿ ಬಿಚ್ಚಿ ಒಗದ ಹಾಕೂದು, ಮತ್ತ ಕಟ್ಟೂದು; ಅಂಗಡ್ಯಾಂದಕ್ಕ ಅದು ಬರತೈತೇನು?” ಎಂದಳು. ಬಿಸಿಲಿಗೆ ಕಾಯದ, ಬೆವರಿಗೆ ಅಂಟದ, ಒಗೆದಷ್ಟೂ ಮೆತ್ತಗಾಗುವ ಅಂಥ ಆಸನ ಯಾವ ಕಾರಖಾನೆಯಿಂದಲೂ ಬರಲಾರದು.

ಕಡೆಯದಾಗಿ, ಹೊರಗಿನ ಬಣ್ಣ ಮುಗಿದ ಸಂಭ್ರಮದಲ್ಲಿ ಎಲ್ಲರೂ ಮರೆಯುವ ಒಂದೆಡೆಯನ್ನು ಸೂಚಿಸುತ್ತೇನೆ. ಜೀಪಿನ ಕಾಲಡಿಯ ತಗಡಿನಲ್ಲಿ ನೀರು ಬಸಿದು ಹೋಗಲೆಂದೇ ತೂತುಗಳಿರುತ್ತವೆ. ಪುಟ್ಟಿ, ಪ್ರೈಮರು, ಬಣ್ಣಗಳು ಇವನ್ನು ಮುಚ್ಚಿಬಿಡುವುದುಂಟು. ಮೇಲೆ ಅಂದಕ್ಕೆಂದು ರಬ್ಬರಿನ ಹಾಸನ್ನು ಅಂಟಿಸಿದರಂತೂ ಅಡಿಯಲ್ಲಿ ನಿಂತ ನೀರು ಹೊರಗೆ ತೋರುವುದೇ ಇಲ್ಲ. ಹಾಸನ್ನು ಅಂಟಿಸದೆ ಸುಮ್ಮನೆ ಹಾಸಿ, ಉತ್ತರಾ ಮಳೆ ಕಳೆದೊಡನೆ ಅದನ್ನೆತ್ತಿ ಒಣಗಿಸಿ, ತೂತುಗಳಿಗೆ ಕಡ್ಡಿಯಾಡಿಸಿ, ಗುಳ್ಳೆಯೆದ್ದಲ್ಲಿ ಅಂದೇ ಕೆರೆದು ಪ್ರೈಮರು ಮುಟ್ಟಿಸಬೇಕು. ಅಕ್ಕನ ಮಗನು ಈ ಕೆಲಸಕ್ಕೆಂದು ಸೀಟಿನ ಕೆಳಗಿನ ಪೆಟ್ಟಿಗೆಯಲ್ಲಿ ಒಂದು ಸಣ್ಣ ಬ್ರಶ್ಶನ್ನೂ ಬಣ್ಣದ ಕಿರುಡಬ್ಬಿಯನ್ನೂ ಪಾನಾಗಳ ಜೊತೆಗೆ ಕಾಯಮಾಗಿ ಇಟ್ಟುಕೊಂಡಿದ್ದಾನೆ.