ಒಡೆಯಲಾಗದ ಒಂದು ಸಂಖ್ಯೆ

ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಮನೆಮನೆಗೂ ಇಮ್ಮಡಿಯಾಗಿ ದಾನ ಬೇಡಿದ ಜಾಣನ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಅರಸನ ಕಣಜ ಬರಿದಾದ ಸಂಗತಿ ಹಾಗಿರಲಿ. ಮೊದಲ 31 ಮನೆಗಳ ಕಾಳುಗಳನ್ನಷ್ಟೇ ಕೂಡಿಸಿದರೆ ಬರುವ ಮೊತ್ತ 2,14,74,83,647. ಈ ಸಂಖ್ಯೆಯ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇವೆ.

12 ಇಡ್ಲಿಗಳನ್ನು ನಾಲ್ಕು ತಟ್ಟೆಗಳಿಗೆ ಮೂರರಂತೆ ಸಮನಾಗಿ ಹಂಚಬಹುದು. 13 ಇಡ್ಲಿಗಳಾದರೆ ತಟ್ಟೆಗೊಂದರಂತೆ ಇಡಬೇಕು, ಇಲ್ಲವೆ ಎಲ್ಲವನ್ನೂ ಒಂದೇ ತಟ್ಟೆಗೆ ಸುರಿಯಬೇಕು. ಇಂಥ ಸಂಖ್ಯೆಗೆ ಅವಿಭಾಜ್ಯವೆಂದು ಹೆಸರು. ನಮ್ಮ ಈ ದೊಡ್ಡ ಸಂಖ್ಯೆಯೂ ಅದೇ ಜಾತಿಯದು.

ಇದನ್ನು 1772ರಲ್ಲಿ ಸಿದ್ಧಪಡಿಸಿ ತೋರಿಸಿದವನು ಆಯ್ಲರ್. ಉದ್ಯೋಗಕ್ಕಾಗಿ ಹುಟ್ಟೂರಾದ ಬಾಸೆಲನ್ನು ತೊರೆದು ದೂರದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನೆಲೆಸಿದ್ದ ಆತನ ಕಣ್ಣುಗಳು ಆ ವೇಳೆಗೆ ಬಹುಮಟ್ಟಿಗೆ ಕುರುಡಾಗಿದ್ದವು. ಸಂಖ್ಯೆ ಒಡೆಯುವುದೇ ಆದರೆ ಅದರ ಒಂದು ಭಾಜಕ 46,340ನ್ನು ಮೀರಲಾರದು. ಏಕೆಂದರೆ ಅದಕ್ಕಿಂತ ದೊಡ್ಡವೆರಡನ್ನು ಗುಣಿಸಿದರೆ ಸಂಖ್ಯೆಯನ್ನೇ ದಾಟಿಬಿಡುತ್ತದೆ. ಆದರೂ ಅಷ್ಟನ್ನು ಒಂದೊಂದಾಗಿ ಪರೀಕ್ಷಿಸುವುದು ಸುಲಭವೇ? 248ರಿಂದ ಭಾಗಿಸಿದಾಗ 1 ಅಥವಾ 63 ಶೇಷ ಉಳಿಯುವ ಭಾಜಕಗಳನ್ನು ಮಾತ್ರ ನೋಡಿದರೆ ಸಾಕೆಂದು ಆಯ್ಲರ್ ಕಂಡುಕೊಂಡ. ಆಗ ಹೆಚ್ಚೆಂದರೆ 372 ಭಾಗಾಕಾರಗಳಲ್ಲಿ ಕೆಲಸ ಮುಗಿಯಿತು.

ಇಂಥ ಅಂಕೆಗಳು ಕುತೂಹಲಕ್ಕೆ ಮಾತ್ರವೇ ಹೊರತು ಪ್ರಯೋಜನಕ್ಕಲ್ಲವಾದುದರಿಂದ ಇದಕ್ಕಿಂತ ಮುಂದಿನದನ್ನು ಹುಡುಕುವ ಗೋಜಿಗೆ ಯಾರೂ ಹೋಗಲಾರರೆಂದು 1811ರಲ್ಲಿ ಆಂಗ್ಲ ಗಣಿತಜ್ಞ ಪೀಟರ್ ಬಾರ್ಲೊ ಬರೆದ. ಆ ಮಾತು ಎರಡು ಬಗೆಯಲ್ಲಿ ಹುಸಿಯಾಯಿತು. ಜನ ಹುಡುಕುವುದನ್ನು ಬಿಡಲಿಲ್ಲ. 2024ರ ಅಕ್ಟೋಬರಿನಲ್ಲಿ ದೊರೆತ ಅವಿಭಾಜ್ಯದಲ್ಲಿ 4,10,24,320 ಅಂಕಿಗಳಿವೆ. ಪ್ರಯೋಜನವೂ ಒದಗಿತು. 1ರಿಂದ ಆರಂಭಿಸಿ, ಪ್ರತಿ ಸಲವೂ 16,807ರಿಂದ ಗುಣಿಸಿ, ನಮ್ಮ ಸಂಖ್ಯೆಯಿಂದ ಭಾಗಿಸಿ ಉಳಿದ ಶೇಷವನ್ನು ಹಿಡಿದು ಮುಂದೆ ಸಾಗಿದರೆ, ಅದಕ್ಕಿಂತ ಕಿರಿದಾದ 214 ಕೋಟಿಗೂ ಮಿಕ್ಕ ಸಂಖ್ಯೆಗಳೆಲ್ಲವೂ ಒಂದೂ ತಪ್ಪದೆ, ಒಂದೂ ಮರುಕಳಿಸದೆ ಬಂದುಹೋಗುತ್ತವೆ; ಆಮೇಲಷ್ಟೇ ಮತ್ತೆ 1. ಚೀಟಿ ಎತ್ತಿದಂತೆ ಅಡ್ಡಾದಿಡ್ಡಿ ಸಂಖ್ಯೆಗಳನ್ನು ಪಡೆಯುವ ಈ ಉಪಾಯವನ್ನು ಗಣಕಯಂತ್ರಗಳಿಗೆಂದು 1969ರಲ್ಲಿಯೇ ಪ್ರಕಟಿಸಲಾಯಿತು.

ಇದೇ ಸಂಖ್ಯೆ ಕಾಲಕ್ಕೂ ಒಂದು ಗಡಿಯನ್ನು ಹಾಕಿದೆ. ಅದಕ್ಕೆ ಕಾರಣ ಅವಿಭಾಜ್ಯತೆಯಲ್ಲ, ಯಂತ್ರದ ಮಿತಿ. ಹಳೆಯ ಬಗೆಯ ಅನೇಕ ಗಣಕಯಂತ್ರಗಳು 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿವೆ. ಆ ಎಣಿಕೆಗೆ ದೊರೆತಿರುವುದು 31 ಮನೆಗಳು ಮಾತ್ರ. 2038ರ ಜನವರಿ 19ರ ಮಂಗಳವಾರ, ಭಾರತೀಯ ವೇಳೆ ಬೆಳಿಗ್ಗೆ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ಅವು ಭರ್ತಿಯಾಗುತ್ತವೆ. ಅಷ್ಟರೊಳಗೆ ತಿದ್ದದೆ ಬಿಟ್ಟ ಯಂತ್ರಗಳು ಮರುಕ್ಷಣವೇ 1901ನೆಯ ಇಸವಿಗೆ ಹಿಂದಿರುಗಬಹುದು.

ಹೋಟೆಲುಗಳಲ್ಲಿ ಬೆಳಗಿನ ತಿಂಡಿಯ ಗದ್ದಲದ ಹೊತ್ತು ಅದು. ಆಯ್ಲರನು ಮಸುಕುಗಣ್ಣಿನಲ್ಲಿ ತೂಗಿ ನೋಡಿದ ಸಂಖ್ಯೆ ಅಂದು ನಮ್ಮ ಗಲ್ಲಾಪೆಟ್ಟಿಗೆಯವರೆಗೂ ಬಂದು ನಿಲ್ಲಬಹುದು. ನಿರುಪಯುಕ್ತವೆಂದು ಯಾವ ಅರಿವನ್ನು ತಾನೆ ನಾವು ತಳ್ಳಿಹಾಕೋಣ?