ಬಲೆಯ ಅಟ್ಟದಲ್ಲಿ ಬೆಳೆದ ಕಲೆ

ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿ, ಅಟ್ಲಾಂಟಿಕ್ ಮಹಾಸಾಗರಕ್ಕೆ ಮೈಯೊಡ್ಡಿ ನಿಂತ ಕಾರ್ನ್‌ವಾಲ್ ಸೀಮೆಯಲ್ಲಿ, ಸುಮಾರು 11,000 ಜನರು ನೆಲೆಸಿರುವ ಸೇಂಟ್ ಐವ್ಸ್ ಎಂಬ ಊರೊಂದುಂಟು. ಪೋರ್ತ್‌ಮಿಯರ್, ಪೋರ್ತ್‌ಗ್ವಿಡನ್, ಪೋರ್ತ್‌ಮಿನ್‌ಸ್ಟರ್ ಎಂಬ ಮರಳುತೀರಗಳು ಊರನ್ನು ಬಳಸಿಕೊಂಡಿರುವುದರಿಂದ, ಕಡಲಿನ ಮೇಲೆ ಬಿದ್ದ ಬೆಳಕು ಹಲವು ದಿಕ್ಕುಗಳಿಂದ ಪ್ರತಿಫಲಿಸಿ ಅಲ್ಲಿನ ಇಕ್ಕಟ್ಟಾದ ಬೀದಿಗಳನ್ನು ತುಂಬುತ್ತದೆ. ಆ ಬೆಳಕೇ ಚಿತ್ರಕಾರರನ್ನು ಅಲ್ಲಿಗೆ ಸೆಳೆಯಿತೆಂದು ಹೇಳುವುದುಂಟು. ಆ ಮಾತು ಸುಳ್ಳಲ್ಲ. ಆದರೆ ಬೆಳಕೊಂದರಿಂದಲೇ ಕಲೆಗೆ ನೆಲೆಯಾಗದು. ಬಂದವನಿಗೆ ತಲೆಯ ಮೇಲೊಂದು ಸೂರು ಬೇಕು, ಕೈಗೆಟುಕುವ ಬಾಡಿಗೆಯಲ್ಲಿ ದುಡಿಯುವ ಎಡೆ ಬೇಕು. ಅವನ್ನು ಒದಗಿಸಿಕೊಟ್ಟುದು ಮೀನುಗಾರರ ಊರು.

ನಮ್ಮ ಕರಾವಳಿಯ ಬೂತಾಯಿಯ ಕುಲಕ್ಕೇ ಸೇರಿದ ಪಿಲ್ಚರ್ಡ್ ಎಂಬ ಮೀನು ಒಂದು ಕಾಲಕ್ಕೆ ಸೇಂಟ್ ಐವ್ಸಿನ ಜೀವನಾಧಾರವಾಗಿತ್ತು. ಗುಡ್ಡದ ಮೇಲೆ ಕಾವಲು ನಿಂತವನು ನೀರಿನ ಬಣ್ಣ ಬದಲಾದುದನ್ನು ಕಂಡು 'ಹೆವಾ' ಎಂದು ಕೂಗಿದೊಡನೆ ಊರಿಗೆ ಊರೇ ತೀರಕ್ಕೆ ಧಾವಿಸುತ್ತಿತ್ತು; ದೋಣಿಗಳು ನಮ್ಮ ರಂಪಣಿಯಂತಹ ದೊಡ್ಡ ಬಲೆಯಿಂದ ಮೀನಿನ ಹಿಂಡನ್ನು ಸುತ್ತುಗಟ್ಟುತ್ತಿದ್ದವು. ಕಾಲಕ್ರಮದಲ್ಲಿ ಆ ಮೀನು ವಿರಳವಾಯಿತು. 1877ರಲ್ಲಿ ರೈಲುದಾರಿಯೂ ಊರನ್ನು ಮುಟ್ಟಿತು. ಬಲೆ, ಹಾಯಿಗಳನ್ನು ಇರಿಸುತ್ತಿದ್ದ ಅಟ್ಟಗಳು ಹೀಗೆ ಬರಿದಾಗುತ್ತ ಬಂದ ಹೊತ್ತಿಗೇ ಚಿತ್ರಕಾರರು ರೈಲಿಳಿದು ಬಂದರು. ಪೋರ್ತ್‌ಮಿಯರ್ ತೀರದ ಅಟ್ಟಗಳಿಗೆ ಉತ್ತರದ ಕಡೆಯಿಂದ ನೇರ ಬಿಸಿಲು ತಾಗದ, ಬಣ್ಣಗಳ ನಿಜರೂಪವನ್ನು ತೋರುವ ಸಮವಾದ ಬೆಳಕು ಬೀಳುತ್ತದೆ. ಅಲ್ಲಿನ ಕಟ್ಟಡದಲ್ಲಿ ಇಂದಿಗೂ ಕೆಳಗೆ ಮೀನುಗಾರರು ಬಲೆಗಳನ್ನು ಸಜ್ಜುಗೊಳಿಸಿದರೆ, ಮೇಲೆ ಚಿತ್ರಕಾರರು ಬಣ್ಣ ಕಲಸುತ್ತಾರೆ.

1928ರ ಆಗಸ್ಟಿನಲ್ಲಿ ಬೆನ್ ನಿಕಲ್ಸನ್, ಕ್ರಿಸ್ಟೋಫರ್ ವುಡ್ ಎಂಬ ತರುಣ ಕಲಾವಿದರಿಬ್ಬರು ಬೀದಿಯಲ್ಲಿ ನಡೆದುಹೋಗುವಾಗ, ತೆರೆದ ಬಾಗಿಲೊಂದರ ಒಳಗೆ ಗೋಡೆಯ ತುಂಬ ಮೊಳೆ ಹೊಡೆದು ನಿಲ್ಲಿಸಿದ್ದ ಚಿತ್ರಗಳನ್ನು ಕಂಡರು. ಅವು ಆಲ್ಫ್ರೆಡ್ ವಾಲಿಸ್ ಎಂಬ ವೃದ್ಧನವು. ಕಡಲಿನಲ್ಲಿ ದುಡಿದು, ಬಳಿಕ ಹಳೆಯ ಸಾಮಾನುಗಳ ವ್ಯಾಪಾರ ಮಾಡಿಕೊಂಡಿದ್ದ ಆತ, ಹೆಂಡತಿ ತೀರಿಹೋದ ಮೇಲೆ, ಏಕಾಂತವನ್ನು ಕಳೆಯಲು, ಎಪ್ಪತ್ತರ ಆಸುಪಾಸಿನಲ್ಲಿ ಕುಂಚ ಹಿಡಿದವನು. ಅಂಗಡಿಯಿಂದ ಬಂದ ರಟ್ಟಿನ ತುಂಡುಗಳೇ ಅವನ ಫಲಕ; ದೋಣಿಗೆ ಬಳಿಯುವ ಬಣ್ಣವೇ ಅವನ ವರ್ಣದ್ರವ್ಯ. ದೂರಸಾಮೀಪ್ಯಗಳ ಶಾಸ್ತ್ರೀಯ ನಿಯಮಕ್ಕೆ ಕಟ್ಟುಬೀಳದೆ, ತನ್ನ ಮನಸ್ಸಿನಲ್ಲಿ ಯಾವುದು ದೊಡ್ಡದೋ ಅದನ್ನು ದೊಡ್ಡದಾಗಿಯೇ ಬರೆದ ಆ ಅಶಿಕ್ಷಿತನಿಂದ ಶಿಕ್ಷಿತರು ಪಾಠ ಕಲಿತರು. ಆದರೂ ಆತ 1942ರಲ್ಲಿ ಕಣ್ಣುಮುಚ್ಚಿದುದು ಬಡವರ ಆಶ್ರಯಾಲಯದಲ್ಲಿ. ಪೋರ್ತ್‌ಮಿಯರ್ ತೀರದ ಮೇಲಣ ಸ್ಮಶಾನದಲ್ಲಿರುವ ಅವನ ಸಮಾಧಿಯನ್ನು ಮಣ್ಣಿನ ಬಿಲ್ಲೆಗಳಿಂದ ಅಲಂಕರಿಸಿದವನು ಕುಂಭಕಲಾವಿದ ಬರ್ನಾರ್ಡ್ ಲೀಚ್; ಪುಟ್ಟ ಮನುಷ್ಯನೊಬ್ಬನು ದೀಪಸ್ತಂಭದ ಬಾಗಿಲನ್ನು ಹೊಗುವ ಚಿತ್ರ ಅವುಗಳ ಮೇಲಿದೆ.

ಈ ಲೀಚ್ 1920ರಲ್ಲಿ ಜಪಾನಿನ ಷೋಜಿ ಹಮಾಡನೊಡನೆ ಬಂದು ಇಲ್ಲಿ ಕುಂಬಾರಿಕೆಯ ಆವಿಗೆಯನ್ನು ಕಟ್ಟಿ, ದಿನಬಳಕೆಯ ಬಟ್ಟಲು ತಟ್ಟೆಗಳಲ್ಲಿಯೂ ಸೌಂದರ್ಯವಿರಬೇಕೆಂಬ ತತ್ತ್ವವನ್ನು ಎತ್ತಿಹಿಡಿದನು. 1939ರಲ್ಲಿ, ಯುದ್ಧದ ಹೊಸ್ತಿಲಲ್ಲಿ, ಪತಿ ನಿಕಲ್ಸನ್ ಹಾಗೂ ಮಕ್ಕಳೊಡನೆ ಬಂದ ಶಿಲ್ಪಿ ಬಾರ್ಬರಾ ಹೆಪ್‌ವರ್ತ್, ಕೊಲ್ಲಿಯ ತೋಳುಗಳನ್ನೂ ಅಲೆಯ ಸುರುಳಿಯನ್ನೂ ಮರದಲ್ಲಿ, ಕಲ್ಲಿನಲ್ಲಿ ಕಂಡರಿಸಿದಳು. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಅಂಗಳದಲ್ಲಿ 1964ರಿಂದ ನಿಂತಿರುವ ಕಂಚಿನ 'ಸಿಂಗಲ್ ಫಾರ್ಮ್' ಆಕೆಯದೇ. 1975ರಲ್ಲಿ ಅಗ್ನಿದುರಂತದಲ್ಲಿ ಆಕೆ ಮಡಿದ ಕಾರ್ಯಾಗಾರವೂ ಅದರ ತೋಟವೂ ಮರುವರ್ಷವೇ ಸಂಗ್ರಹಾಲಯವಾಗಿ ಜನರಿಗೆ ತೆರೆದವು. ಹಳೆಯ ಅನಿಲ ಕಾರ್ಖಾನೆಯ ನಿವೇಶನದಲ್ಲಿ 1993ರಲ್ಲಿ ಟೇಟ್ ಕಲಾಸಂಗ್ರಹಾಲಯ ಎದ್ದುನಿಂತಿತು.

ಕೀರ್ತಿ ಬಂದ ಹಿಂದೆಯೇ ಸಂಕಟವೂ ಬಂದಿತು. ವರ್ಷಕ್ಕೆ ಕೆಲವೇ ವಾರ ಬಂದು ತಂಗುವ ಸಿರಿವಂತರು ಮನೆಗಳನ್ನು ಕೊಂಡು ಬೀಗ ಹಾಕಲು, ಮೀನುಗಾರರ ಓಣಿಗಳು ಚಳಿಗಾಲದಲ್ಲಿ ನಿರ್ಜನವಾದವು. ಊರಿನ ಮಕ್ಕಳಿಗೆ ಮನೆ ದುರ್ಲಭವಾಯಿತು. 2016ರಲ್ಲಿ ನಡೆದ ಜನಮತ ಗಣನೆಯಲ್ಲಿ, ಮತ ನೀಡಿದವರ ಪೈಕಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ, ಹೊಸದಾಗಿ ಕಟ್ಟುವ ಮನೆಗಳು ಕಾಯಂ ವಾಸಿಗಳಿಗೇ ಮೀಸಲಾಗಬೇಕೆಂದು ತೀರ್ಪಿತ್ತರು. ಹಳೆಯ ಮನೆಗಳಿಗೆ ಅನ್ವಯಿಸದ ಈ ನಿಯಮವು ರೋಗವನ್ನು ಪೂರ್ತಿ ಗುಣಪಡಿಸಲಾರದು; ಆದರೂ ಅದರ ಹಿಂದಿನ ವಿವೇಕ ಸರಿಯಾದುದು. ವಾಲಿಸನಂತಹ ಬಡ ಮುದುಕನು ಬಾಳಲಾಗದ ಊರಿನಲ್ಲಿ ಅವನ ಚಿತ್ರಗಳನ್ನು ತೂಗುಹಾಕಬಹುದು, ಅವನಂತಹ ಇನ್ನೊಬ್ಬನನ್ನು ಪಡೆಯಲಾಗದು.